ಧೂಳಿಲ್ಲದ ಕಿಟಕಿಗಳು

ಕಳೆದ ಮಾರ್ಚ್ ತಿಂಗಳ ಎರಡನೆಯ ಸೋಮವಾರ, ಉತ್ತರ ಇರಾಕಿನ ಒಂದು ನಗರದ ಅರವತ್ತು ಮನೆಗಳ ಕಿಟಕಿಗಳಿಂದ ಒರೆಸಿ ತೆಗೆದ ಧೂಳಿನ ಪರೀಕ್ಷಾ ಫಲಿತಾಂಶ ನನ್ನ ಕೈಗೆ ಬಂತು. ಅರವತ್ತರ ಪೈಕಿ ಐವತ್ತೇಳು ಮಾದರಿಗಳಲ್ಲಿ ಧೂಳೇ ಇರಲಿಲ್ಲ.

ನಾನು ಕೆಲಸ ಮಾಡುವ ಪ್ರಯೋಗಾಲಯ ಅಮೆರಿಕದ ಎಲ್ಕ್ ಗ್ರೋವ್ ವಿಲೇಜಿನ ಕೈಗಾರಿಕಾ ಪ್ರದೇಶದಲ್ಲಿದೆ. ಒಂದು ಪಕ್ಕ ಗೋದಾಮು, ಇನ್ನೊಂದು ಪಕ್ಕ ಡೇಟಾ ಸೆಂಟರ್. ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನಗಳು ನಮ್ಮ ಚಾವಣಿಯ ಮೇಲೆಯೇ ಹಾದುಹೋಗುತ್ತವೆ. ಮಾದರಿಗಳನ್ನು ಪರೀಕ್ಷಿಸುವವರು ಬೇರೆ. ಬಂದ ಅಂಕಿಗಳನ್ನು ನಂಬಬಹುದೇ ಎಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ಹಿಂದೆ ಮೈಸೂರಿನ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಕಲಿತ ಅಭ್ಯಾಸ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆಬೇರೆ ಇಟ್ಟುಕೊಳ್ಳುವುದು.

ಆ ನಗರದಲ್ಲಿ ಯುದ್ಧ ಮುಗಿದು ಕೆಲವು ವರ್ಷಗಳಾಗಿವೆ. ಅಲ್ಲಿನ ಕಾಲೇಜೊಂದರ ಪರಿಸರ ವಿಜ್ಞಾನ ವಿಭಾಗ ಮತ್ತೆ ಬಾಗಿಲು ತೆರೆದಿದೆ, ಆದರೆ ಪ್ರಯೋಗಾಲಯ ಸುಟ್ಟುಹೋಗಿದೆ. ಹೊಸ ಉಪಕರಣ ಬರುವವರೆಗೆ ವಿದ್ಯಾರ್ಥಿಗಳು ಮಾದರಿ ಸಂಗ್ರಹಿಸುವುದು, ನಾವು ಪರೀಕ್ಷಿಸುವುದು, ಫಲಿತಾಂಶವನ್ನು ಇಟ್ಟುಕೊಂಡು ಅವರು ಅಂತಿಮ ವರ್ಷದ ಪ್ರಬಂಧ ಬರೆಯುವುದು ಎಂಬ ಏರ್ಪಾಡಾಗಿತ್ತು. ಖರ್ಚು ಒಂದು ದತ್ತಿಸಂಸ್ಥೆಯದು. ಅವರು ಆರಿಸಿಕೊಂಡ ವಿಷಯ ಸರಳವಾದದ್ದು. ಊರಿನ ಒಂದು ಬಡಾವಣೆಯ ಪಕ್ಕದಲ್ಲಿ ಹಳೆಯ ವಾಹನಗಳ ಬ್ಯಾಟರಿ ಒಡೆದು ಸೀಸ ಕರಗಿಸುವ ಅಂಗಳವಿದೆ. ಯುದ್ಧ ಬಿಟ್ಟುಹೋದ ಗುಜರಿ ಎಲ್ಲ ಅಲ್ಲಿಗೇ ಬರುತ್ತದೆ. ಅಲ್ಲಿಂದ ಎದ್ದ ಸೀಸ ಪಕ್ಕದ ಮನೆಗಳ ಒಳಗೆ ಬಂದು ಕೂತಿದೆಯೇ?

ವಿಧಾನವೂ ಕಷ್ಟದ್ದಲ್ಲ. ಕೈಗವಸು ಹಾಕಿಕೊಂಡು, ಕಿಟಕಿಯ ಒಳ ಅಂಚಿನಲ್ಲಿ ಅಳತೆಯ ಚೌಕಟ್ಟು ಅಂಟಿಸಿ, ಒದ್ದೆ ಹಾಳೆಯಿಂದ ಒಂದು ದಿಕ್ಕಿಗೆ ಒರೆಸಬೇಕು. ಹಾಳೆ ಮಡಚಿ ಅಡ್ಡ ದಿಕ್ಕಿಗೆ ಒರೆಸಬೇಕು. ಮತ್ತೆ ಮಡಚಿ ಕೊಳವೆಗೆ ಹಾಕಿ ಮುಚ್ಚಬೇಕು. ಪ್ರತಿ ಕಂತಿನಲ್ಲಿ ಕೆಲವು ಹಾಳೆಗಳನ್ನು ಏನನ್ನೂ ಒರೆಸದೆ ಹಾಗೆಯೇ ಕೊಳವೆಗೆ ಹಾಕಿ ಕಳಿಸಬೇಕು. ಇವು ಖಾಲಿ ಮಾದರಿಗಳು, ಹೋಲಿಕೆಗೆ. ನಮ್ಮಲ್ಲಿ ಎಲ್ಲವನ್ನೂ ಆಮ್ಲದಲ್ಲಿ ಕರಗಿಸಿ ಸೀಸವನ್ನು ಅಳೆಯುತ್ತಾರೆ.

ಆ ಸೋಮವಾರ ನನ್ನ ಮುಂದಿದ್ದ ಐವತ್ತೇಳು ಅಂಕಿಗಳಿಗೂ ಖಾಲಿ ಮಾದರಿಗಳ ಅಂಕಿಗಳಿಗೂ ವ್ಯತ್ಯಾಸವಿರಲಿಲ್ಲ. ಉಳಿದ ಮೂರರಲ್ಲಿ ಸೀಸ ಬಹಳ ಇತ್ತು. ಸೀಸ ಕರಗಿಸುವ ಜಾಗದ ಪಕ್ಕದ ಬಡಾವಣೆಯಲ್ಲಿ, ಬಿಸಿಲು ಗಾಳಿಯ ಊರಿನಲ್ಲಿ, ಕಿಟಕಿಗೆ ಧೂಳಿಲ್ಲ. ಇದಕ್ಕೆ ನನಗೆ ಆಗ ತೋಚಿದ ವಿವರಣೆ ಒಂದೇ. ವಿದ್ಯಾರ್ಥಿಗಳು ಮೂರು ಮನೆಗಳಿಗೆ ಹೋಗಿದ್ದಾರೆ. ಉಳಿದ ಹಾಳೆಗಳನ್ನು ಕಾಲೇಜಿನಲ್ಲೇ ಕೂತು ಕೊಳವೆಗೆ ತುಂಬಿದ್ದಾರೆ.

ಅನುಮಾನಕ್ಕೆ ಇನ್ನೂ ಮೂರು ಕಾರಣ ಸಿಕ್ಕವು.

ಮೊದಲನೆಯದನ್ನು ಹೇಳಿದವಳು ಮಾದರಿಗಳನ್ನು ಕರಗಿಸಿದ ಸಹೋದ್ಯೋಗಿ. "ಕೊಳವೆ ತೆಗೆದಾಗ ನಿಂಬೆಹಣ್ಣಿನ ವಾಸನೆ ಬರ್ತಿತ್ತು. ಎಲ್ಲದರಲ್ಲೂ ಅಲ್ಲ, ಆದರೆ ಬಹಳಷ್ಟರಲ್ಲಿ," ಎಂದಳು. ನಾವು ಕಳಿಸಿದ ಹಾಳೆಗಳಿಗೆ ವಾಸನೆ ಇಲ್ಲ. ಮಕ್ಕಳನ್ನು ಒರೆಸಲು ಅಂಗಡಿಯಲ್ಲಿ ಸಿಗುವ ಸುವಾಸನೆಯ ಹಾಳೆಗಳನ್ನು ಬಳಸಿರಬಹುದು ಎಂದುಕೊಂಡೆ.

ಎರಡನೆಯದು ಚಿತ್ರಗಳು. ಪ್ರತಿ ಮನೆಯಲ್ಲೂ ಕಿಟಕಿಯ ಫೋಟೋ ತೆಗೆಯಬೇಕೆಂಬ ನಿಯಮವಿತ್ತು. ತೆಗೆದಿದ್ದರು. ಆದರೆ ಚಿತ್ರ ಬದಲಾದರೂ ಮೂಲೆಯಲ್ಲಿ ಒಂದೇ ವಸ್ತು ಮತ್ತೆ ಮತ್ತೆ ಕಾಣುತ್ತಿತ್ತು: ತಟ್ಟೆಯ ಮೇಲೆ ಚಹಾದ ಪುಟ್ಟ ಗಾಜಿನ ಲೋಟಗಳು. ನಡು ಸಣ್ಣಗೆ, ಬಾಯಿ ಅಗಲ, ಅಂಚಿಗೆ ಚಿನ್ನದ ಬಣ್ಣದ ಗೆರೆ. ಹದಿನೈದಕ್ಕೂ ಹೆಚ್ಚು ಮನೆಗಳಲ್ಲಿ ಅದೇ ಲೋಟ. ಒಂದೇ ಮನೆಯ ಬೇರೆಬೇರೆ ಕಿಟಕಿಗಳನ್ನು ಬೇರೆಬೇರೆ ಮನೆಗಳೆಂದು ತೋರಿಸಿರಬಹುದಲ್ಲ.

ಮೂರನೆಯದು ದಾರಿ. ಮಾದರಿಗಳು ನೇರವಾಗಿ ಓಹೇರ್‌ಗೆ ಬಂದಿರಲಿಲ್ಲ. ಡೆಟ್ರಾಯಿಟ್‌ಗೆ ಬಂದು, ಪಕ್ಕದ ಡಿಯರ್‌ಬಾರ್ನ್‌ನಲ್ಲಿರುವ ಕಾರ್ಯಕ್ರಮದ ಸಂಯೋಜಕರ ಮನೆಯಲ್ಲಿ ಸುಮಾರು ಒಂದು ವಾರ ಇದ್ದವು. ಈ ಸಂಯೋಜಕರು ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದವರು, ಯುದ್ಧದ ವರ್ಷಗಳಲ್ಲಿ ಊರು ಬಿಟ್ಟು ಬಂದವರು. ಕೊನೆಗೆ ಅವರೇ ಕಾರಿನಲ್ಲಿಟ್ಟುಕೊಂಡು ಮುನ್ನೂರು ಮೈಲಿಯ ಹತ್ತಿರ ಓಡಿಸಿಕೊಂಡು ಬಂದು ನಮ್ಮ ಕೌಂಟರಿನಲ್ಲಿ ಕೊಟ್ಟು ಹೋಗಿದ್ದರು. ಕೊರಿಯರ್ ಇರುವಾಗ ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದು ಆ ದಿನವೇ ನನಗೆ ಅನ್ನಿಸಿತ್ತು.

ನಮ್ಮ ವರದಿಯಲ್ಲಿ ನಾನು ಬರೆಯಬಹುದಾದದ್ದು ಮೂರರಲ್ಲಿ ಒಂದು: ಸ್ವೀಕೃತ, ತಡೆಹಿಡಿದಿದೆ, ಅಥವಾ ಸೃಷ್ಟಿಸಿದ ಮಾದರಿ. ಮೂರನೆಯದನ್ನು ಬರೆದರೆ ಆ ಕಾಲೇಜಿನ ಕಾರ್ಯಕ್ರಮ ಅಲ್ಲಿಗೆ ನಿಲ್ಲುತ್ತದೆ ಎಂದು ದತ್ತಿಸಂಸ್ಥೆಯ ಕರಾರಿನಲ್ಲೇ ಇತ್ತು. ತಂಡದಲ್ಲಿ ಎಂಟು ವಿದ್ಯಾರ್ಥಿಗಳು. ಪ್ರಬಂಧ ರದ್ದಾದರೆ ಆ ವರ್ಷದ ಪದವಿಯೂ ಇಲ್ಲ. ಮೇ ತಿಂಗಳಿಗೆ ಮೊದಲು ನಿರ್ಧಾರ ಬೇಕೆಂದು ನಮ್ಮ ಪ್ರಯೋಗಾಲಯದ ನಿರ್ದೇಶಕರು ಹೇಳಿದರು. "ನೀವೇನು ಬರೀತೀರಿ ಅಂತ ನಂಗೆ ಗೊತ್ತು," ಎಂದೂ ಸೇರಿಸಿದರು.

ಮೊದಲು ವಿದ್ಯಾರ್ಥಿಗಳ ತಂಡದ ಮುಖ್ಯಸ್ಥೆಯನ್ನು ವಿಡಿಯೋ ಕರೆಯಲ್ಲಿ ಮಾತಾಡಿಸಿದೆ. ಇಪ್ಪತ್ತೆರಡು ಇಪ್ಪತ್ತಮೂರರ ಯುವತಿ, ಇಂಗ್ಲಿಷ್ ನಿಧಾನ, ಆದರೆ ಸ್ಪಷ್ಟ.

"ನಾವು ಕಳಿಸಿದ ಹಾಳೆಗಳನ್ನೇ ಬಳಸಿದಿರಾ?"

"ಯಾಕೆ ಕೇಳುತ್ತಿದ್ದೀರಿ?"

"ಇದು ಎಲ್ಲರನ್ನೂ ಕೇಳುವ ಪ್ರಶ್ನೆ."

"ನಮ್ಮ ಊರಿನಲ್ಲಿ ಪ್ರಶ್ನೆ ಕೇಳುವವರೆಲ್ಲ ಹಾಗೇ ಹೇಳುತ್ತಾರೆ," ಎಂದಳು. "ಕೈಪಿಡಿಯಲ್ಲಿ ಇದ್ದ ಹಾಗೆ ಮಾಡಿದ್ದೇವೆ."

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಉತ್ತರ ತಪ್ಪಿಸುತ್ತಿದ್ದಾಳೆ ಎಂದು ನಾನು ಬರೆದುಕೊಂಡೆ. ಅವಳು ನನ್ನ ಬಗ್ಗೆ ಏನು ಬರೆದುಕೊಂಡಳೋ ತಿಳಿಯದು.

ಹಾಳೆಯ ಪ್ರಶ್ನೆಯನ್ನು ಮಾತ್ರ ನಾವೇ ಬಗೆಹರಿಸಬಹುದಿತ್ತು. ಕೆಲವು ಮನೆಗಳಿಂದ ಹೆಚ್ಚುವರಿಯಾಗಿ ಬಂದು ಪರೀಕ್ಷೆಗೆ ಹಾಕದೆ ಉಳಿದಿದ್ದ ಹಾಳೆಗಳ ನೇಯ್ಗೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನಮ್ಮ ಕಪಾಟಿನ ಹಾಳೆಗಳ ಪಕ್ಕ ನೋಡಿದೆವು. ಅವು ನಮ್ಮವೇ. ಅಂಗಡಿಯ ಹಾಳೆ ಎಂಬ ನನ್ನ ಊಹೆ ಬಿದ್ದುಹೋಯಿತು. ನಿಂಬೆಯ ವಾಸನೆ ಉಳಿಯಿತು.

ಉಳಿದದ್ದು ಸಂಯೋಜಕರ ಮನೆ. ಮಾದರಿಗಳನ್ನು ಇಟ್ಟಿದ್ದ ಜಾಗವನ್ನು ನೋಡಬೇಕು ಎಂದು ಪತ್ರ ಕಳಿಸಿದೆ. ಏಪ್ರಿಲ್ ಮೂರನೆಯ ಶನಿವಾರ ಬೆಳಿಗ್ಗೆ ಬನ್ನಿ ಎಂದು ಉತ್ತರ ಬಂತು. ಶುಕ್ರವಾರ ಮಧ್ಯಾಹ್ನವೇ ಹೊರಟೆ. ಮಿಷಿಗನ್ ಸರೋವರದ ದಕ್ಷಿಣ ತುದಿಯನ್ನು ಸುತ್ತಿ ಇಂಡಿಯಾನಾ ದಾಟಿ ಮಿಷಿಗನ್ ರಾಜ್ಯ ಸೇರುವಾಗ ಗಡಿಯಾರ ಒಂದು ಗಂಟೆ ಮುಂದೆ ಓಡಿತು. ಆ ದಿನ ಉಳಿದುಕೊಂಡದ್ದು ಡೆಟ್ರಾಯಿಟ್‌ನ ಪಶ್ಚಿಮಕ್ಕಿರುವ ಕ್ಯಾಂಟನ್‌ನಲ್ಲಿ, ಧಾರವಾಡದ ಕಡೆಯ ಗೆಳತಿಯ ಮನೆಯಲ್ಲಿ. ಮೊದಲು ಲೊಂಬಾರ್ಡ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರು ಬಾಗಿಲಲ್ಲಿದ್ದವರು, ಗಂಡನಿಗೆ ಕಾರು ಕಂಪನಿಯ ಕೆಲಸ ಸಿಕ್ಕ ಮೇಲೆ ಇಲ್ಲಿಗೆ ಬಂದವರು. ವಾರದ ಹಿಂದೆಯೇ ಫೋನ್ ಮಾಡಿ ಹೇಳಿದ್ದೆ.

"ಬರ್ರಿ ಬರ್ರಿ ಅಕ್ಕಾರ. ಟ್ರಾಫಿಕ್ ಭಾಳ ಇತ್ತೇನು?" ಎಂದು ಗೆಳತಿ ಬಾಗಿಲು ತೆಗೆದಳು.

ಹಾಲಿನ ಕಾರ್ಪೆಟ್ಟಿನ ಮೇಲೆ ವ್ಯಾಕ್ಯೂಮ್ ಎಳೆದ ಗೆರೆಗಳು ಉತ್ತ ಹೊಲದ ಸಾಲಿನ ಹಾಗೆ ಗೋಡೆಯಿಂದ ಗೋಡೆಗೆ ಇದ್ದವು. ಅದರ ಮೇಲೆ ಮೊದಲ ಹೆಜ್ಜೆ ನನ್ನದೇ.

ಸೋಫಾದಿಂದ ಅವಳ ಗಂಡ ಹೇಳಿದರು: "ನೀವು ತಿಂಗಳಿಗೊಮ್ಮೆ ಬರ್ಬೇಕು ನೋಡ್ರಿ. ನೀವು ಬರ್ತೀರಿ ಅಂದ್ರ ನಮ್ಮ ಮನಿ ಹಿಂಗ ಇರ್ತದ. ಇಲ್ಲಂದ್ರ ಟೀವಿ ಮ್ಯಾಲಿನ ಧೂಳಾಗ ಬೆರಳಿಲೆ ಹೆಸರು ಬರೀಬಹುದು."

"ಸುಮ್ಮ ಕೂಡ್ರಿ ನೀವು. ಅವ್ರು ಧೂಳದ ಪರೀಕ್ಷಾ ಮಾಡೋ ಮಂದಿ. ಅವ್ರ ಮುಂದ ನಮ್ಮ ಮರ್ಯಾದಿ ಹೋಗ್ಬೇಕೇನು?"

ಹೈಸ್ಕೂಲಿನ ಮಗಳು ಮೆಟ್ಟಿಲ ಮೇಲಿಂದಲೇ, "ಶಿ ಮೇಡ್ ಮಿ ಡೂ ಇಟ್ ಟ್ವೈಸ್, ಆಂಟಿ," ಎಂದು ಹೇಳಿ ಮೇಲೆ ಹೋದಳು.

ಎಲ್ಲರೂ ನಕ್ಕೆವು. ಊಟಕ್ಕೆ ಜೋಳದ ರೊಟ್ಟಿ ಇತ್ತು. ನಾನು ಬಂದ ಕೆಲಸವನ್ನು ಯಾರ ಹೆಸರೂ ಎತ್ತದೆ ಹೇಳಿದೆ. "ಅಂಥಾ ಊರಾಗ ಓದೋ ಹುಡುಗ್ಯಾರು ಸುಳ್ಳ್ಯಾಕ ಮಾಡ್ತಾರ್ರಿ," ಎಂದು ಗೆಳತಿ ಕೇಳಿದಳು. ಎಲ್ಲ ಊರಿನಲ್ಲೂ ಮಾಡುತ್ತಾರೆ ಎಂದೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಅತಿಥಿಗಳ ಕೋಣೆ ಸೆಕೆಯಾಗಿತ್ತು. ಆ ವರ್ಷ ಬೇಸಿಗೆ ಸ್ವಲ್ಪ ಬೇಗ ಬಂದಿತ್ತು. ಗೋಡೆಯ ಸ್ವಿಚ್ ಒತ್ತಿದೆ. ಚಳಿಗಾಲವಿಡೀ ನಿಂತಿದ್ದ ಮೇಲಿನ ಫ್ಯಾನು ಒಮ್ಮೆ ನರಳಿ ತಿರುಗಿತು, ಬೂದುಬಣ್ಣದ ಧೂಳಿನ ಉಂಡೆಗಳು ಹೊಸ ಬಿಳಿ ಹೊದಿಕೆಯ ಮೇಲೆಲ್ಲ ಉದುರಿದವು. ಒಂದು ನನ್ನ ಒದ್ದೆ ತಲೆಯ ಮೇಲೂ ಬಿತ್ತು.

ಸದ್ದಿಗೆ ಬಂದ ಗೆಳತಿ ಬಾಗಿಲಲ್ಲೇ ನಿಂತಳು. "ಅಯ್ಯ ಶಿವನ. ಎಲ್ಲಾ ಮಾಡಿದೆ, ಅದೊಂದು ಮ್ಯಾಲೆ ನೋಡ್ಲೇ ಇಲ್ಲ ನಾ."

ಅವಳು ಹೊದಿಕೆ ಎಳೆದುಕೊಂಡು ಹೋದ ಮೇಲೆ ನಾನು ಫೋನ್ ತೆಗೆದು ಇರಾಕಿನ ಚಿತ್ರಗಳನ್ನು ಮತ್ತೆ ನೋಡಿದೆ. ಈ ಸಲ ಲೋಟಗಳನ್ನು ಬಿಟ್ಟು ಉಳಿದದ್ದನ್ನು. ಇಸ್ತ್ರಿ ಮಾಡಿದ ಪರದೆಗಳು. ಎದುರು ಗೋಡೆಯೂ ಕಾಣುವಷ್ಟು ಹೊಳೆಯುವ ನೆಲ. ಒಂದು ಚಿತ್ರದಲ್ಲಿ ನೆಲದ ನೀರು ಎಳೆಯುವ ಉದ್ದ ಹಿಡಿಯ ರಬ್ಬರು ಕೋಲು ಬಾಗಿಲ ಹಿಂದೆ ಒರಗಿತ್ತು, ಅದರ ಕೆಳಗೆ ಒಂದು ಬೊಗಸೆಯಷ್ಟು ನೀರು ಇನ್ನೂ ನಿಂತಿತ್ತು. ಇನ್ನೊಂದರ ಮೇಲ್ಭಾಗದಲ್ಲಿ ಕತ್ತರಿಸಿದಂತೆ ಫ್ಯಾನಿನ ಒಂದು ರೆಕ್ಕೆ.

ಅಲ್ಲಿಯೂ ಅತಿಥಿ ಬರುತ್ತಾರೆಂದು ತೊಳೆದಿರಬಹುದು. ಇದು ಊಹೆ. ಊಹೆಯನ್ನು ಊಹೆಗಳ ಸಾಲಿನಲ್ಲೇ ಇಟ್ಟು ಡಿಯರ್‌ಬಾರ್ನ್‌ಗೆ ಹೊರಟೆ.

ಸಂಯೋಜಕರ ಮನೆ ಇಟ್ಟಿಗೆಯ ಸಣ್ಣ ಮನೆ. ಅರವತ್ತು ದಾಟಿದವರು, ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದರು. ಮಾದರಿಗಳನ್ನು ಇಟ್ಟಿದ್ದ ಬೀಗದ ಕಪಾಟನ್ನು ತೋರಿಸಿದರು. ವಾರ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದೆ.

"ಹಿಂದೊಮ್ಮೆ ಕಾಲೇಜಿನ ಬೇರೊಂದು ಪೆಟ್ಟಿಗೆಯನ್ನು ಕೊರಿಯರ್‌ಗೆ ಕೊಟ್ಟೆ. ಆ ಪೆಟ್ಟಿಗೆ ಇವತ್ತಿಗೂ ಸಿಕ್ಕಿಲ್ಲ. ಈ ಸಲ ನನಗೆ ರಜೆ ಸಿಗುವವರೆಗೆ ಕಾದೆ," ಎಂದರು. "ನಿಮಗೆ ನನ್ನ ಮೇಲೆ ಅನುಮಾನ. ನನಗೆ ಕೊರಿಯರ್ ಮೇಲೆ."

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ತಟ್ಟೆಯ ಮೇಲೆ ಅದೇ ಲೋಟಗಳು. ನಡು ಸಣ್ಣ, ಅಂಚಿಗೆ ಚಿನ್ನದ ಗೆರೆ.

ನಾನು ಲೋಟ ಮುಟ್ಟಲಿಲ್ಲ. ಆ ಚಿತ್ರಗಳು ಇರಾಕಿನವೇ ಅಲ್ಲವೋ ಏನೋ, ಈ ಮನೆಯ ಕಿಟಕಿಗಳೋ ಏನೋ ಎಂಬ ಯೋಚನೆ ಬಂತು. ಎದ್ದು ಕಿಟಕಿಯ ಅಂಚನ್ನು ನೋಡಿದೆ. ಮರದ್ದು, ಚಿತ್ರಗಳಲ್ಲಿ ಕಲ್ಲಿನದು. ಆದರೂ ಫೋನಿನ ಚಿತ್ರಗಳನ್ನು ಒಂದೊಂದಾಗಿ ಅವರ ಮುಂದೆ ಹಿಡಿದು, "ಈ ಎಲ್ಲ ಮನೆಗಳಲ್ಲೂ ಒಂದೇ ಲೋಟ ಇದೆ. ನಿಮ್ಮ ಮನೆಯಲ್ಲೂ ಅದೇ ಇದೆ," ಎಂದೆ.

ಅವರು ಕಾರಿನ ಕೀಲಿ ತೆಗೆದುಕೊಂಡರು. "ಬನ್ನಿ."

ವಾರೆನ್ ಅವೆನ್ಯೂದ ಒಂದು ದಿನಸಿ ಅಂಗಡಿಗೆ ಕರೆದುಕೊಂಡು ಹೋದರು. ಅಕ್ಕಿ ಚೀಲಗಳ ಹಿಂದಿನ ಸಾಲಿನಲ್ಲಿ, ನೆಲದಿಂದ ನನ್ನ ತಲೆಗಿಂತ ಎತ್ತರಕ್ಕೆ, ಅದೇ ಲೋಟಗಳ ಪೆಟ್ಟಿಗೆಗಳು. ಅರ್ಧ ಡಜನ್ನಿಗೊಂದು ಪೆಟ್ಟಿಗೆ. ಅಂಗಡಿಯವನಿಗೆ ಅರಬ್ಬಿಯಲ್ಲಿ ಏನೋ ಹೇಳಿದರು, ಅವನು ನಕ್ಕ.

"ಏನು ಹೇಳಿದಿರಿ?"

"ಇಡೀ ಇರಾಕಿನವರು ಒಂದೇ ಮನೆಯಲ್ಲಿ ಇದ್ದೇವೆ ಅಂತ ಈ ಮೇಡಂ ಕಂಡುಹಿಡಿದಿದ್ದಾರೆ ಅಂತ."

ನಮ್ಮ ಕಡೆಯ ಮನೆಗಳ ಸ್ಟೀಲಿನ ಲೋಟಗಳನ್ನು ಯಾರಾದರೂ ಹೀಗೆ ಲೆಕ್ಕ ಹಾಕಿದ್ದರೆ ನನಗೂ ನಗು ಬರುತ್ತಿತ್ತು. ಲೋಟದ ಸಾಕ್ಷ್ಯವನ್ನು ಹೊಡೆದುಹಾಕಿದೆ.

ಮನೆಗೆ ವಾಪಸು ಬಂದ ಮೇಲೆ ನನ್ನ ನಿಜವಾದ ಪ್ರಶ್ನೆ ಕೇಳಿದೆ. ವಿದ್ಯಾರ್ಥಿಗಳು ಮನೆಗಳಿಗೆ ಹೋಗುವ ಮುಂಚೆ ಹೇಳಿ ಹೋಗಿದ್ದರೇ?

"ಹಿಂದಿನ ದಿನ ಹೋಗಿ ಹೇಳಿ ಬಂದಿದ್ದಾರೆ. ಮತ್ತೆ ಹೇಗೆ ಹೋಗುವುದು?" ಎಂದರು. "ಯುದ್ಧದ ವರ್ಷಗಳಲ್ಲಿ ಹೇಳದೆ ಬಾಗಿಲು ಬಡಿದವರು ಯಾರು ಅಂತ ಆ ಊರಿನಲ್ಲಿ ಎಲ್ಲರಿಗೂ ನೆನಪಿದೆ."

"ಹೇಳಿದ ಮೇಲೆ ಮನೆಯವರು ಏನು ಮಾಡುತ್ತಾರೆ?"

ಅವರು ಚಹಾದ ಲೋಟವನ್ನು ತುಟಿಯ ಹತ್ತಿರ ತಂದವರು ಹಾಗೇ ಕೆಳಗಿಟ್ಟರು. ನಂತರ ಒಳಗಿದ್ದ ಹೆಂಡತಿಗೆ ಏನೋ ಕೂಗಿ ಕೇಳಿದರು. ಒಳಗಿಂದ ಉದ್ದವಾದ ಉತ್ತರ ಬಂತು.

"ಅವಳು ಹೇಳುತ್ತಾಳೆ: ನೀವು ಬರುತ್ತೀರಿ ಅಂತ ನಿನ್ನೆ ಈ ಮನೆಯ ಕಿಟಕಿಗಳನ್ನು ತೊಳೆದವರು ಯಾರು ಅಂತ ತಿಳಿದುಕೊಂಡಿದ್ದೀರಿ."

ಇರಾಕಿನಲ್ಲಿ ಆಗ ಸಂಜೆಯಾಗಿತ್ತು. ಅವರ ಫೋನಿನಿಂದಲೇ ವಿದ್ಯಾರ್ಥಿನಿಗೆ ಕರೆ ಮಾಡಿದೆವು. ನನ್ನನ್ನು ಕಂಡು ಅವಳ ಮುಖ ಬಿಗಿಯಾಯಿತು. ಈ ಸಲ ಕಾರಣವನ್ನು ಮೊದಲು ಹೇಳಿ ಆಮೇಲೆ ಪ್ರಶ್ನೆ ಕೇಳಿದೆ.

"ತೊಳೆದಿದ್ದರು," ಎಂದಳು. "ಎಲ್ಲರೂ ತೊಳೆದಿದ್ದರು. ನನ್ನ ಮನೆಯಲ್ಲಿ ನನ್ನ ಅಮ್ಮನೇ ಎರಡು ಸಲ ತೊಳೆದಳು. ಬೇಡ ಅಂದೆ. ನಮ್ಮ ಕಿಟಕಿಯ ಫೋಟೋ ಅಮೆರಿಕಕ್ಕೆ ಹೋಗುತ್ತದೆ, ನಿನಗೆ ನಾಚಿಕೆ ಇಲ್ಲವೇ ಅಂದಳು."

"ಯಾವುದರಿಂದ ತೊಳೆದರು?"

"ನೆಲಕ್ಕೆ ಹಾಕುವ ದ್ರಾವಣ. ಹಳದಿ ಬಾಟಲಿ. ನಿಂಬೆಯದು."

"ಇದನ್ನು ನಮಗೆ ಯಾಕೆ ತಿಳಿಸಲಿಲ್ಲ?"

"ಮಾದರಿ ತೆಗೆಯುವ ದಿನ ಮನೆಯವರು ಎಂದಿನಂತೆ ಇರಲಿ ಅಂತ ನಿಮ್ಮ ಕೈಪಿಡಿಯಲ್ಲಿದೆ. ಅತಿಥಿ ಬರುವ ದಿನ ನಾವು ಎಂದಿನಂತೆ ಇರುವುದೇ ಹಾಗೆ. ಅಂಚು ಹೇಗಿದೆ ಅಂತ ಕೇಳಿದ್ದಿರಿ. ಸ್ವಚ್ಛವಾಗಿದೆ ಅಂತ ಬರೆದಿದ್ದೇವೆ. ಪ್ರತಿ ಮನೆಗೂ ಬರೆದಿದ್ದೇವೆ."

ಬರೆದಿದ್ದರು, ನಿಜ. ಆ ಸಾಲನ್ನು ನೋಡದೆ ಗೀಚಿದ್ದು ಎಂದು ನಾನು ತಿಳಿದಿದ್ದೆ.

"ಸೀಸ ಸಿಕ್ಕಿದ ಆ ಮೂರು ಮನೆಗಳಲ್ಲಿ ಮಾತ್ರ ಯಾಕೆ ತೊಳೆದಿರಲಿಲ್ಲ?"

ಮನೆಗಳ ಸಂಖ್ಯೆ ಕೇಳಿ ತನ್ನ ಪಟ್ಟಿ ನೋಡಿದಳು. "ಅವು ಒಂದೇ ಕುಟುಂಬದ ಮೂರು ಮನೆಗಳು. ಆ ವಾರ ಹೆಂಗಸರೆಲ್ಲ ಮಗಳೊಬ್ಬಳ ಬಾಣಂತನಕ್ಕೆ ಬೇರೆ ಊರಿಗೆ ಹೋಗಿದ್ದರು. ಗಂಡಸರು ಮಾತ್ರ ಇದ್ದರು."

ಸಂಯೋಜಕರು ಕೆಮ್ಮಿದರು. ವಿದ್ಯಾರ್ಥಿನಿ ನಗಲಿಲ್ಲ. "ಸೃಷ್ಟಿಸಿದ್ದು ಅಂತ ಬರೆಯಲು ಹೊರಟಿದ್ದೀರಿ ಅಂತ ನಿಮ್ಮ ಪಕ್ಕದಲ್ಲಿರುವ ಉಸ್ತಾದರು, ನಮ್ಮ ಮೇಷ್ಟ್ರು, ಹೇಳಿದ್ದಾರೆ. ಮೊದಲೇ ಇದನ್ನು ಕೇಳಬಹುದಿತ್ತು," ಎಂದಳು.

ಹೇಳಿಕೆ ಸಿಕ್ಕಿತ್ತು. ಆದರೆ ಅದು ಆರೋಪಕ್ಕೆ ಒಳಗಾದವರ ಹೇಳಿಕೆ. ಚೆನ್ನಾಗಿ ಹೊಂದುತ್ತದೆ ಎನ್ನುವ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ಚೆನ್ನಾಗಿ ಹೊಂದುವ ಸುಳ್ಳುಗಳನ್ನೂ ನಾನು ನೋಡಿದ್ದೇನೆ. ಅವರು ಆ ಅರವತ್ತು ಮನೆಗಳ ಒಳಗೆ ನಿಜವಾಗಿ ಹೋಗಿದ್ದರು, ಈಗಲೂ ಹೋಗಬಲ್ಲರು ಎನ್ನುವುದನ್ನು ಮಾತಿನ ಹೊರಗೆ ತೋರಿಸುವ ಏನಾದರೂ ಬೇಕಿತ್ತು. ಅತಿಥಿಗಾಗಿ ಯಾರೂ ಒರೆಸದ ಜಾಗ ಬೇಕಿತ್ತು.

"ಆ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಇದೆಯೇ?" ಎಂದು ಸಂಯೋಜಕರನ್ನು ಕೇಳಿದೆ.

"ಫ್ಯಾನ್ ಇಲ್ಲದ ಮನೆ ಯಾವುದು?"

"ಯಾವಾಗ ಒರೆಸುತ್ತಾರೆ?"

"ಹಬ್ಬಕ್ಕೆ. ಒರೆಸಿದರೆ."

ಸೋಮವಾರ ನಿರ್ದೇಶಕರ ಕೋಣೆಯಲ್ಲಿ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಅವರ ಆಕ್ಷೇಪ ಸರಿಯಾಗಿಯೇ ಇತ್ತು. ಕಿಟಕಿಯ ಅಂಚಿಗೆ ಅಳತೆ ಮಾಡಿದ ಜಾಗವಿದೆ, ಅದಕ್ಕೆ ಅಧಿಕೃತ ಮಿತಿ ಇದೆ. ಫ್ಯಾನಿನ ರೆಕ್ಕೆಯ ಮೇಲೆ ಎಷ್ಟು ಕಾಲದ ಧೂಳು ಇದೆಯೋ ಯಾರಿಗೂ ತಿಳಿಯದು. ಅದಕ್ಕೆ ಯಾವ ಮಿತಿಯೂ ಇಲ್ಲ.

"ಆ ಅಂಕಿ ಇಟ್ಟುಕೊಂಡು ಏನು ಮಾಡ್ತೀರಿ?" ಎಂದರು.

"ಮನೆಗಳ ಬಗ್ಗೆ ಏನೂ ಹೇಳುವುದಿಲ್ಲ. ವಿದ್ಯಾರ್ಥಿಗಳ ಬಗ್ಗೆ ಹೇಳುತ್ತೇನೆ. ಬ್ಯಾಟರಿ ಅಂಗಳದಿಂದ ದೂರ ಹೋದ ಹಾಗೆ ಸೀಸ ಕಡಿಮೆಯಾಗಬೇಕು. ಹೋಲಿಕೆಗೆ ಊರಿನ ನದಿಯ ಆಚೆಯ ಕೆಲವು ಮನೆಗಳಿಂದಲೂ ತರಿಸೋಣ, ಅಲ್ಲಿ ಬಹಳ ಕಡಿಮೆ ಇರಬೇಕು. ಕಾಲೇಜಿನಲ್ಲಿ ಕೂತು ಅದನ್ನು ಸೃಷ್ಟಿಸುವುದು ಆಗುವುದಿಲ್ಲ."

ಅವರು ಒಪ್ಪಿದ್ದು ಒಂದು ಸಲಕ್ಕೆ ಮಾತ್ರ, ಒಂದು ಸಣ್ಣ ಕಂತಿಗೆ. ಆ ಸಂಜೆ ನಾನು ವರದಿಯಲ್ಲಿ ತಡೆಹಿಡಿದಿದೆ ಎಂದು ಬರೆದೆ. ಪುರಾವೆ ಇರುವ ಹಾಗೆ ಕಂಡರೂ ಸೃಷ್ಟಿಸಿದ ಮಾದರಿ ಎಂದು ಬರೆಯಲಿಲ್ಲ.

ಏರ್ಪಾಡು ಹೀಗಿತ್ತು. ವಿದ್ಯಾರ್ಥಿಗಳು ಹಿಂದಿನ ದಿನ ಮನೆಗಳಿಗೆ ಹೋಗಿ, ನಾಳೆ ಬರುತ್ತೇವೆ ಎಂದು ಹೇಳಬೇಕು. ಹೇಳದೆ ಹೋಗುವ ಮಾತನ್ನು ಸಂಯೋಜಕರು ಕೇಳಲೂ ಸಿದ್ಧರಿರಲಿಲ್ಲ. ಆದರೆ ಏನನ್ನು ಒರೆಸುತ್ತೇವೆ ಎಂದು ಮನೆಯವರಿಗೆ ಹೇಳಬಾರದು. ವಿದ್ಯಾರ್ಥಿಗಳಿಗೂ ಅದು ತಿಳಿಯುವುದು ಆ ದಿನ ಬೆಳಿಗ್ಗೆ, ನನ್ನ ಕರೆಯಲ್ಲಿ. ಕೊಳವೆಗಳ ಮೇಲೆ ಸಂಖ್ಯೆ ಮಾತ್ರ. ಯಾವುದು ಎಲ್ಲಿಯದು ಎಂದು ನಮ್ಮ ಪ್ರಯೋಗಾಲಯದವರಿಗೆ ತಿಳಿಯದು.

"ಹಾಗಾದರೆ ನೀವಿನ್ನೂ ನಂಬಿಲ್ಲ," ಎಂದು ಸಂಯೋಜಕರು ಫೋನಿನಲ್ಲಿ ಕೇಳಿದರು.

"ಇಲ್ಲ."

"ಒಳ್ಳೆಯದು. ನಾನೂ ನಿಮ್ಮನ್ನು ನಂಬಿಲ್ಲ. ಮುಂದಿನ ಸಲ ಬಂದಾಗ ಚಹಾ ಕುಡಿದು ಹೋಗಿ, ಕಳೆದ ಸಲದ್ದು ಹಾಗೇ ಇತ್ತು."

ಆ ಬೆಳಗಿನ ಕರೆಯಲ್ಲಿ ಫ್ಯಾನ್ ಎಂದಾಗ ಎಂಟೂ ಜನ ಪರಸ್ಪರ ಮುಖ ನೋಡಿಕೊಂಡರು. ಏಣಿ ಇರಲಿಲ್ಲ. ಮಸೀದಿಯ ಪಕ್ಕದ ಬಣ್ಣದ ಅಂಗಡಿಯಿಂದ ಒಂದನ್ನು ಕೇಳಿ ತಂದರು. ಕಷ್ಟ ಬಂದದ್ದು ಏಣಿಯಿಂದಲ್ಲ. ಬಿಸ್ಕತ್ತು ಜೋಡಿಸಿ, ನೆಲ ಹೊಳೆಯಿಸಿ ಕಾಯುತ್ತಿದ್ದ ಮನೆಯ ಹೆಂಗಸರು ಫ್ಯಾನಿನ ಮಾತು ಕೇಳಿ ಏಣಿಯನ್ನೇ ಹಿಡಿದುಕೊಂಡರಂತೆ. "ಮೊದಲು ನಾವು ಒರೆಸುತ್ತೇವೆ, ಆಮೇಲೆ ನೀವು ತೆಗೆಯಿರಿ ಅಂತಾರೆ," ಎಂದು ವಿದ್ಯಾರ್ಥಿನಿ ಮಧ್ಯದಲ್ಲಿ ಕರೆ ಮಾಡಿ ಹೇಳಿದಳು. ಅವಳ ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು. "ಇವರು ನನ್ನ ಅಮ್ಮ. ಬೇರೆಯವರ ಮನೆಯದು ಆಯಿತು. ನನ್ನ ಮನೆಯದು ಆಗುತ್ತಿಲ್ಲ."

"ನಿಮ್ಮ ಮನೆಯನ್ನು ಬಿಡಬಹುದು."

"ಬಿಟ್ಟರೆ ನೀವು ಏನು ಅಂದುಕೊಳ್ಳುತ್ತೀರಿ ಅಂತ ಗೊತ್ತು," ಎಂದು ಕರೆ ಕತ್ತರಿಸಿದಳು. ಸಂಜೆ ಆ ಮನೆಯ ಸಂಖ್ಯೆಯೂ ಪಟ್ಟಿಯಲ್ಲಿತ್ತು.

ಫಲಿತಾಂಶ ಮೇ ಕೊನೆಯ ವಾರ ಬಂತು. ಗಡುವನ್ನು ನಿರ್ದೇಶಕರು ಅಲ್ಲಿಯವರೆಗೆ ಎಳೆದಿದ್ದರು. ಅಂಗಳಕ್ಕೆ ತಾಗಿದ ಬೀದಿಯ ಮನೆಗಳಲ್ಲಿ ಸೀಸ ಹೆಚ್ಚು. ಒಂದೊಂದು ಬೀದಿ ದೂರವಾದಂತೆ ಕಡಿಮೆ. ನದಿಯ ಆಚೆ ಅಳತೆಗೆ ಸಿಗುವಷ್ಟು ಮಾತ್ರ. ವಿದ್ಯಾರ್ಥಿನಿಯ ಮನೆ ಮೊದಲ ಬೀದಿಯದು.

ಒಂದು ಅಂಕಿ ಮಾತ್ರ ಹೊಂದಲಿಲ್ಲ. ಅಂಗಳದ ಗೋಡೆಗೆ ಗೋಡೆ ತಾಗಿದ ಮನೆಯೊಂದರಲ್ಲಿ ನದಿಯಾಚೆಯಷ್ಟೇ ಕಡಿಮೆ. ಆ ಒಂದಕ್ಕಾಗಿ ಸಹಿಯನ್ನು ಮತ್ತೆ ತಡೆದೆ. ವಿಚಾರಿಸಿದಾಗ ಫ್ಯಾನು ಹೊಸದು, ಮಗನ ಮದುವೆಗೆ ಹಾಕಿಸಿದ್ದು ಎಂದು ತಿಳಿಯಿತು. ಹಳೆಯದು ಎಲ್ಲಿ ಎಂದು ಕೇಳಿದೆ. ಮಹಡಿಯ ಮೆಟ್ಟಿಲ ಕೆಳಗೆ ಗೋಣಿಯಲ್ಲಿ ಸುತ್ತಿಟ್ಟಿದ್ದರು. ಅದರ ರೆಕ್ಕೆಯ ಧೂಳು ಜೂನ್‌ನಲ್ಲಿ ಬಂತು. ಪಕ್ಕದ ಮನೆಗಳ ಅಂಕಿಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ.

ಮಾದರಿಗಳು ನಿಜವಾದವು, ಸಂಗ್ರಹಿಸಿದವರು ವಿಧಾನವನ್ನು ಪಾಲಿಸಿದ್ದಾರೆ, ಆದರೆ ಮೊದಲ ಕಂತಿನ ಅಂಕಿಗಳು ಆ ಮನೆಗಳ ದಿನನಿತ್ಯದ ಸ್ಥಿತಿಯನ್ನು ತೋರಿಸುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ಮನೆಯವರು ಎಂದಿನಂತೆ ಇರಲಿ ಎಂಬ ಕೈಪಿಡಿಯ ಸಾಲನ್ನು ಬರೆದದ್ದು ನಾವು ಎಂಬುದನ್ನೂ ವರದಿಯಲ್ಲಿ ಸೇರಿಸಿದೆ. ಕಾಲೇಜಿನ ಕಾರ್ಯಕ್ರಮ ಮುಂದುವರಿದಿದೆ. ಎಂಟು ಜನರಿಗೂ ಪ್ರಬಂಧ ಬರೆಯಲು ಅನುಮತಿ ಸಿಕ್ಕಿದೆ.

ಅಂಗಳ ಈಗಲೂ ನಡೆಯುತ್ತಿದೆ. ಫ್ಯಾನಿನ ಧೂಳಿಗೆ ಮಿತಿ ಇಲ್ಲದ ಕಾರಣ ಅಂಗಳದ ಮೇಲೆ ಯಾವ ಕ್ರಮವನ್ನೂ ಸೂಚಿಸಲು ಬರುವುದಿಲ್ಲ, ಕಿಟಕಿಯ ಅಂಕಿಯೇ ಬೇಕು ಎಂದು ದತ್ತಿಸಂಸ್ಥೆ ತಿಳಿಸಿದೆ. ಕಿಟಕಿಗಳ ಎರಡನೆಯ ಸುತ್ತು ಬರುವ ತಿಂಗಳು. ಈ ಸಲ ವಿದ್ಯಾರ್ಥಿಗಳು ಎರಡು ವಾರ ಮೊದಲೇ ಮನೆಮನೆಗೆ ಹೋಗಿ, ನಾವು ಬರುವವರೆಗೆ ಕಿಟಕಿಗಳನ್ನು ದಯವಿಟ್ಟು ಒರೆಸಬೇಡಿ ಎಂದು ಕೇಳಿಕೊಂಡು ಬಂದಿದ್ದಾರೆ. ಹೀಗೆ ಹೇಳಿ ಬರುವ ಅತಿಥಿಗಳನ್ನು ತಾನು ಹುಟ್ಟಿದ ಮೇಲೆ ನೋಡಿಲ್ಲ ಎಂದು ವಿದ್ಯಾರ್ಥಿನಿಯ ತಾಯಿ ಹೇಳಿದ್ದಾರಂತೆ.

ಕಳೆದ ಶುಕ್ರವಾರ ವಿದ್ಯಾರ್ಥಿನಿ ಕಳಿಸಿದ ಸಂದೇಶದ ಪ್ರಕಾರ, ಕಿಟಕಿಗಳನ್ನು ಇದುವರೆಗೆ ಯಾರೂ ಮುಟ್ಟಿಲ್ಲ. ಮೊದಲ ಬೀದಿಯ ಎಲ್ಲ ಮನೆಗಳಲ್ಲೂ ಫ್ಯಾನುಗಳನ್ನು ಕೆಳಗಿಳಿಸಿ ತೊಳೆದಿದ್ದಾರೆ.